ಅರ್ಧ ಟನ್ನಿನ ಕಾರಿಗೆ ಮೂರು ಎಂಜಿನ್: ಜಿಪ್ಸಿ, ಇಸುಝು, ಇನೋವಾ

ತೀರ್ಥಹಳ್ಳಿ ಸೀಮೆಯ ನಮ್ಮ ಮನೆಯ ಹಳೆಯ ಕೊಟ್ಟಿಗೆಯಲ್ಲಿ ನಾನೇ ಕಟ್ಟಿಕೊಂಡಿರುವ ಎರಡು ಆಸನದ ತೆರೆದ ಕಾರಿಗೆ ಐದು ವರ್ಷಗಳಲ್ಲಿ ಮೂರು ಎಂಜಿನ್‌ಗಳನ್ನು ಕೂರಿಸಿ ನೋಡಿದ್ದೇನೆ. ಮೊದಲನೆಯದು ಮಾರುತಿ ಜಿಪ್ಸಿಯ 1.3 ಲೀಟರಿನದು, ಎರಡನೆಯದು ಹಿಂದೂಸ್ತಾನ್ ಮೋಟಾರ್ಸಿನ ಹಳೆಯ ಕಾಂಟೆಸ್ಸಾ ಕಾರಿನಿಂದ ಇಳಿಸಿದ 1.8 ಲೀಟರಿನ ಇಸುಝು, ಮೂರನೆಯದು ಪೆಟ್ರೋಲ್ ಇನೋವಾದ 2.0 ಲೀಟರಿನದು. ಚೌಕಟ್ಟು ಮೂರಕ್ಕೂ ಒಂದೇ, ಓಡಿಸಿದ ದಾರಿಯೂ ಒಂದೇ, ಓಡಿಸಿದವನೂ ನಾನೊಬ್ಬನೇ ಆದ್ದರಿಂದ ಈ ಹೋಲಿಕೆಗೆ ಒಂದಿಷ್ಟು ಬೆಲೆಯಿದೆ ಎಂದುಕೊಂಡು ಬರೆಯುತ್ತಿದ್ದೇನೆ.

ಕಾರಿನ ಮಾದರಿ ಹೊಸದೇನಲ್ಲ. ಕಾಲಿನ್ ಚಾಪ್‌ಮನ್ 1957ರಲ್ಲಿ ಇಂಗ್ಲೆಂಡಿನಲ್ಲಿ ಹೊರತಂದ ಲೋಟಸ್ ಸೆವೆನ್ ಎಂಬ ಕಾರಿನ ಅಡಿಪಾಯವನ್ನೇ ಅನುಸರಿಸಿ ಲೋಕದ ಎಷ್ಟೋ ಮನೆಗಳಲ್ಲಿ ಇಂಥವನ್ನು ಕಟ್ಟುತ್ತಾರೆ. ಒಂದಿಂಚಿನ ಚೌಕ ಪೈಪುಗಳನ್ನು ಬೆಸೆದ ಚೌಕಟ್ಟು, ಮುಂದೆ ಎಂಜಿನ್, ಹಿಂಚಕ್ರಗಳಿಗೆ ಚಾಲನೆ, ಮೇಲೆ ತೆಳು ಅಲ್ಯೂಮಿನಿಯಂ ಹಾಳೆ; ಬಾಗಿಲಿಲ್ಲ, ಮಾಡೂ ಇಲ್ಲ. ನನ್ನ ಕಾರಿನ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ 2300 ಮಿಲಿಮೀಟರ್. ಹಿಂದಿನ ಹೌಸಿಂಗನ್ನು, ಅಂದರೆ ಹಿಂಚಕ್ರಗಳ ಆಕ್ಸಲ್ ಕೂರುವ ಕವಚವನ್ನು, ಆಕ್ಸಲ್ ಸಹಿತ ಮಾರುತಿ ಓಮ್ನಿಯಿಂದ ತೆಗೆದುಕೊಂಡಿದ್ದೆ.

ಒಂದು ಮಾತನ್ನು ಆರಂಭದಲ್ಲೇ ಹೇಳಿಬಿಡಬೇಕು. ಈ ಕಾರು ಸಾರ್ವಜನಿಕ ರಸ್ತೆಗೆ ಇಳಿಯುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ವಾಹನದ ಮೂಲ ಸ್ವರೂಪವನ್ನು ಬದಲಿಸುವುದಕ್ಕೆ ಅಡ್ಡಿಯಾಗಿದೆ. 2019ರಲ್ಲಿ ಸುಪ್ರೀಂ ಕೋರ್ಟು ಅದನ್ನು ಇನ್ನಷ್ಟು ಸ್ಪಷ್ಟಪಡಿಸಿದೆ. ಆದ್ದರಿಂದ ಇದು ಓಡುವುದೆಲ್ಲ ನಮ್ಮ ಖಾಸಗಿ ಜಾಗದಲ್ಲಿ, ತೋಟದಿಂದ ಗುಡ್ಡಕ್ಕೆ ಏರುವ 1.1 ಕಿಲೋಮೀಟರ್ ದಾರಿಯಲ್ಲಿ. ಆ ದಾರಿಗೆ ಆರು ತಿರುವುಗಳಿವೆ. ಕಡಿದಾದ ಎರಡು ಕಡೆ ಕಾಂಕ್ರೀಟು ಹಾಕಿಸಿದ್ದೇವೆ, ಉಳಿದದ್ದು ಜಂಬಿಟ್ಟಿಗೆಯ ನುರುಜು. ಶಿವಮೊಗ್ಗಕ್ಕೆ ಒಯ್ಯಬೇಕಾದಾಗ ಟಾಟಾ 407 ಲಾರಿಯ ಬೆನ್ನೇರಿ ಹೋಗುತ್ತದೆ.

ಎಂಜಿನ್‌ಗಳ ಆಯ್ಕೆಯಲ್ಲಿ ನನಗೆ ದೊಡ್ಡ ಸ್ವಾತಂತ್ರ್ಯವೇನೂ ಇರಲಿಲ್ಲ. ಈಗಿನ ಸಣ್ಣ ಕಾರುಗಳಲ್ಲಿ ಎಂಜಿನ್ ಅಡ್ಡಲಾಗಿ ಕುಳಿತು ಮುಂಚಕ್ರಗಳನ್ನು ತಿರುಗಿಸುವುದರಿಂದ ಅವುಗಳ ಗೇರ್ ಬಾಕ್ಸ್ ನಮ್ಮ ಕೆಲಸಕ್ಕೆ ಬರುವುದಿಲ್ಲ. ಉದ್ದುದ್ದ ಕೂರುವ, ತನ್ನದೇ ಗೇರ್ ಬಾಕ್ಸಿನೊಂದಿಗೆ ಸಿಗುವ, ಬಿಡಿಭಾಗಗಳು ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲೋ ಬೆಂಗಳೂರಿನ ಗುಜರಿಯಲ್ಲೋ ದೊರೆಯುವ ಪೆಟ್ರೋಲ್ ಎಂಜಿನ್‌ಗಳೆಂದು ಹುಡುಕುತ್ತಾ ಹೋದರೆ ಕೊನೆಗೆ ಕೈಗೆ ಸಿಕ್ಕುವುದು ಈ ಮೂರೇ.

ಜಿಪ್ಸಿಯ ಎಂಜಿನ್ 1298 ಸಿಸಿಯದು. ಹದಿನಾರು ವಾಲ್ವುಗಳು, ನಿಮಿಷಕ್ಕೆ 6000 ಸುತ್ತಿನಲ್ಲಿ 80 ಅಶ್ವಶಕ್ತಿ, ಸುಮಾರು 103 ನ್ಯೂಟನ್ ಮೀಟರ್ ತಿರುಚುಬಲ (ಟಾರ್ಕ್). ಅದರ ಬ್ಲಾಕು, ಅಂದರೆ ಸಿಲಿಂಡರುಗಳಿರುವ ಮುಖ್ಯ ಒಡಲು, ಹಗುರವಾದ ಅಲ್ಯೂಮಿನಿಯಂ ಎಂಬುದೇ ಅದರ ಮುಖ್ಯ ಗುಣ. ಜಿಪ್ಸಿಯಲ್ಲಿ ನಾಲ್ಕು ಚಕ್ರಗಳಿಗೆ ಶಕ್ತಿ ಹಂಚುವ ಪೆಟ್ಟಿಗೆ ಗೇರ್ ಬಾಕ್ಸಿನಿಂದ ಬೇರೆಯಾಗಿ ಕೂತಿರುತ್ತದೆ, ಹಾಗಾಗಿ ಅದನ್ನು ಬಿಟ್ಟು ಗೇರ್ ಬಾಕ್ಸನ್ನಷ್ಟೇ ತೆಗೆದುಕೊಳ್ಳಬಹುದು. ಎಂಜಿನ್ ಮತ್ತು ಗೇರ್ ಬಾಕ್ಸ್ ಎರಡೂ ಸೇರಿ ನಮ್ಮ ತಕ್ಕಡಿಯಲ್ಲಿ 128 ಕಿಲೋ ತೂಗಿದವು. ಅಟ್ಟದ ತೊಲೆಗೆ ಚೈನ್ ಬ್ಲಾಕ್ ನೇತುಹಾಕಿ ನಾನೂ ನನ್ನ ಅಕ್ಕನ ಮಗನೂ ಒಂದು ಮಧ್ಯಾಹ್ನದಲ್ಲಿ ಅದನ್ನು ಕೂರಿಸಿದೆವು. ಬಾನೆಟ್ ಕತ್ತರಿಸಬೇಕಾಗಲಿಲ್ಲ, ರೇಡಿಯೇಟರಿಗೆ ಜಾಗ ಸಾಲದೆ ಹೋಗಲಿಲ್ಲ, ಓಮ್ನಿಯ ಹೌಸಿಂಗ್ ಎರಡು ವರ್ಷ ತಕರಾರು ತೆಗೆಯಲಿಲ್ಲ. ಜಿಪ್ಸಿಯ ಬಗ್ಗೆ ಬರೆಯುವುದಕ್ಕೆ ಹೆಚ್ಚಿಲ್ಲ ಎನ್ನುವುದೇ ಅದರ ಪರವಾದ ಸಾಕ್ಷ್ಯ.

ಹಾಗಿದ್ದೂ ಅದನ್ನು ಇಳಿಸಿದ್ದೇಕೆಂದರೆ ಕಡಿದಾದ ಮೂರನೆಯ ತಿರುವಿನಲ್ಲಿ ಎರಡನೇ ಗೇರಿನಲ್ಲಿ ಅದು ಸೋಲುತ್ತಿತ್ತು. 4000 ಸುತ್ತು ದಾಟುವ ತನಕ ಅದಕ್ಕೆ ಉಸಿರಿಲ್ಲ. ಆಟೋ ಕಾಂಪ್ಲೆಕ್ಸಿನ ಮೇಸ್ತ್ರಿಯವರು ಒಂದು ದಿನ ನೋಡಿ, “ಗೌಡ್ರೆ, ಇದಕ್ಕೆ ಎಂಜಿನ್ ಸಣ್ಣದಾಯ್ತು, ದೊಡ್ಡದೊಂದು ಹಾಕಿ ನೋಡಿ” ಎಂದರು. ಆ ಮಾತು ತಲೆಯಲ್ಲಿ ಕೂತುಬಿಟ್ಟಿತು.

ಇಸುಝು ಎಂಜಿನ್ ಹಳೆಯ ಕಾಂಟೆಸ್ಸಾದ್ದು. 1817 ಸಿಸಿ, ಕಾರ್ಬ್ಯುರೇಟರು, ಎರಕದ ಕಬ್ಬಿಣದ ಬ್ಲಾಕು, ಅಶ್ವಶಕ್ತಿ 85ರ ಆಸುಪಾಸಿನಲ್ಲಿ. ಐದು ಗೇರುಗಳ ಪೆಟ್ಟಿಗೆಯೂ ಸೇರಿ 178 ಕಿಲೋ. ಕೆಳಗಿನ ಸುತ್ತಿನಲ್ಲಿ ಅದು ಎಳೆಯುವ ರೀತಿ ನಿಜಕ್ಕೂ ಸೊಗಸು. ಮೂರನೆಯ ತಿರುವನ್ನು ಅದು ಗೊಣಗದೆ ಹತ್ತಿತು. ಆದರೆ ಲೆಕ್ಕ ಹಾಕಿದಾಗ ಬೇರೆಯೇ ಕಥೆ. ಜಿಪ್ಸಿ ಎಂಜಿನ್ನಿದ್ದಾಗ ಇಡೀ ಕಾರಿನ ತೂಕ 540 ಕಿಲೋ, ಅಂದರೆ ಒಂದು ಟನ್ನಿಗೆ 148 ಅಶ್ವಶಕ್ತಿ. ಇಸುಝು ಮತ್ತು ಅದಕ್ಕೆ ತಕ್ಕ ರೇಡಿಯೇಟರು, ಸೈಲೆನ್ಸರ್ ಸೇರಿದ ಮೇಲೆ ತೂಕ 597 ಕಿಲೋ, ಟನ್ನಿಗೆ 142. ಅರ್ಧ ಲೀಟರು ದೊಡ್ಡ ಎಂಜಿನ್ ಹಾಕಿ ಕಾರನ್ನು ಮೊದಲಿಗಿಂತ ದುರ್ಬಲವಾಗಿಸಿದ ಹೆಗ್ಗಳಿಕೆ ನನ್ನದಾಯಿತು.

ಇನ್ನೊಂದು ಕಾಟ ನಮ್ಮ ಹವೆಯದು. ಜೂನ್ ತಿಂಗಳ ಜಿಟಿಜಿಟಿ ಹಿಡಿದ ಮೇಲೆ ಸ್ಪಾರ್ಕ್ ಪ್ಲಗ್‌ಗಳಿಗೆ ವಿದ್ಯುತ್ ಹಂಚುವ ಇಸುಝುವಿನ ಡಿಸ್ಟ್ರಿಬ್ಯೂಟರ್ ಮುಚ್ಚಳದೊಳಗೆ ಬೆವರು ಕೂತು ಬೆಳಗ್ಗೆ ಎಂಜಿನ್ ಹತ್ತುತ್ತಿರಲಿಲ್ಲ. ಮುಚ್ಚಳ ಬಿಚ್ಚಿ, ಬಚ್ಚಲೊಲೆಯ ಮುಂದಿಟ್ಟು ಒಣಗಿಸಿ, ಮತ್ತೆ ಹಾಕಿದರೆ ಅರ್ಧ ಗಂಟೆ ಓಡುತ್ತಿತ್ತು. ಮಾಡಿಲ್ಲದ ಕಾರಿನಲ್ಲಿ, ಬಾನೆಟ್ಟಿನ ಎರಡೂ ಬದಿಗೆ ಗಾಳಿಕಿಂಡಿ ಇರುವಲ್ಲಿ, ಮಳೆಯನ್ನು ಹೊರಗಿಡುವ ಉಪಾಯ ನನಗೆ ಹೊಳೆಯಲಿಲ್ಲ. ಐದು ತಿಂಗಳಿಗೆ ಇಸುಝು ಇಳಿಯಿತು. ಭದ್ರಾವತಿಯ ಕಾಂಟೆಸ್ಸಾ ಪ್ರಿಯರೊಬ್ಬರು ನಾನು ಕೊಟ್ಟದ್ದಕ್ಕಿಂತ ಹೆಚ್ಚು ಹಣ ಕೊಟ್ಟು ಅದನ್ನು ಕೊಂಡೊಯ್ದರು.

ಇನ್ನು ಇನೋವಾ. ಈ ಬರಹದ ಬಹುಭಾಗ ಅದಕ್ಕೇ ಸಲ್ಲಬೇಕು, ಏಕೆಂದರೆ ಮೂರು ವರ್ಷಗಳಲ್ಲಿ ಬಹುಪಾಲು ಭಾನುವಾರಗಳು ಅದಕ್ಕೇ ಸಂದಿವೆ. 1998 ಸಿಸಿ, 5600 ಸುತ್ತಿನಲ್ಲಿ 136 ಅಶ್ವಶಕ್ತಿ, 4000 ಸುತ್ತಿನಲ್ಲಿ 182 ನ್ಯೂಟನ್ ಮೀಟರ್. ಇದರ ಬ್ಲಾಕೂ ಕಬ್ಬಿಣದ್ದೇ. ಗೇರ್ ಬಾಕ್ಸ್ ಸಹಿತ 194 ಕಿಲೋ. ನಮ್ಮ ಶಿವಮೊಗ್ಗ ಎರಕದ ಊರಾದ್ದರಿಂದ ಮಾಚೇನಹಳ್ಳಿಯಲ್ಲಿ ಕೆಲಸ ಮಾಡುವ ಗೆಳೆಯನೊಬ್ಬ “ಬ್ಲಾಕನ್ನು ಅಲ್ಯೂಮಿನಿಯಂನಲ್ಲಿ ಎರಕ ಹೊಯ್ದು ಕೊಡಲೇನು” ಎಂದು ಇಂದಿಗೂ ರೇಗಿಸುತ್ತಾನೆ.

ಮೊದಲ ಪೆಟ್ಟು ವೈರಿಂಗಿನಲ್ಲಿ ಬಿತ್ತು. ಎಂಜಿನ್ನನ್ನು ನಿಯಂತ್ರಿಸುವ, ಗುಜರಿಯವರು ಕೊಟ್ಟ ಕಂಪ್ಯೂಟರ್ ಪೆಟ್ಟಿಗೆ ಬೇರೆ ಗಾಡಿಯದ್ದಾಗಿದ್ದರಿಂದ ಎಂಜಿನ್ ಎರಡು ಕ್ಷಣ ಹತ್ತಿ ಆರುತ್ತಿತ್ತು. ಕಾರಣ ಹುಡುಕುವುದಕ್ಕೆ ಏಳು ವಾರ ಹಿಡಿಯಿತು. ಎಂಜಿನ್, ಕಂಪ್ಯೂಟರ್, ವೈರಿಂಗ್, ಕೀಲಿ ನಾಲ್ಕೂ ಒಂದೇ ಗಾಡಿಯದ್ದಾಗಿರಬೇಕು, ಸಾಧ್ಯವಾದರೆ ಗಾಡಿಯಲ್ಲೇ ಚಾಲೂ ಮಾಡಿಸಿ ನೋಡಿಯೇ ಕೊಳ್ಳಬೇಕು. ಎರಡನೆಯದು ಎತ್ತರ. ಬಾನೆಟ್ಟಿನಲ್ಲಿ ಒಂದು ಗೂನು ಮಾಡಿಸಿದ ಮೇಲೂ ಎಂಜಿನ್ನಿನಡಿಯ ಎಣ್ಣೆ ನಿಲ್ಲುವ ಚೇಂಬರ್ ಚೌಕಟ್ಟಿನಿಂದ ಕೆಳಗೆ ಇಳಿಬಿದ್ದಿತ್ತು. ನಮ್ಮ ದಾರಿಯ ಕಲ್ಲುಗಳಿಗೆ ಅದು ನೇರ ಆಹ್ವಾನ. ಚೇಂಬರನ್ನು ಕತ್ತರಿಸಿ ಆಳ ಕಡಿಮೆ ಮಾಡಿ, ಅಗಲ ಹೆಚ್ಚಿಸಿ, ತಿರುವಿನಲ್ಲಿ ಎಣ್ಣೆ ಒಂದೇ ಮಗ್ಗುಲಿಗೆ ಸರಿದು ಪಂಪು ಗಾಳಿ ಹೀರದಂತೆ ಒಳಗೆ ಅಡ್ಡ ತಗಡುಗಳನ್ನು ಬೆಸೆಸಿದೆ. ಇದನ್ನು ಬಿಟ್ಟರೆ ಬೇರಿಂಗ್ ಹೋಗುವುದು ಖಂಡಿತ.

ಮೂರನೆಯ ಪೆಟ್ಟು ನಿರೀಕ್ಷಿತವೇ ಆಗಿತ್ತು. ಜಿಪ್ಸಿಗಿಂತ ಒಂದೂಮುಕ್ಕಾಲು ಪಟ್ಟು ತಿರುಚುಬಲವನ್ನು ಓಮ್ನಿಯ ಆಕ್ಸಲ್ ತಡೆಯಲಿಲ್ಲ. ಮೂರನೆಯ ದಿನ ಕಾಂಕ್ರೀಟಿನ ಏರಿನಲ್ಲಿ ನಿಂತಲ್ಲಿಂದ ಎಬ್ಬಿಸುವಾಗ ಟಕ್ಕೆಂದು ಸದ್ದಾಗಿ ಕಾರು ಹಿಂದಕ್ಕೆ ಜಾರತೊಡಗಿತು. ಬಿಚ್ಚಿ ನೋಡಿದರೆ ಆಕ್ಸಲ್ಲಿನ ತುದಿಯ ಹಲ್ಲುಗಳು ಮುರಿಯುವ ಮೊದಲು ಜಡೆ ಹೆಣೆದ ಹಾಗೆ ತಿರುಚಿಕೊಂಡಿದ್ದವು. ಅದನ್ನು ತೆಗೆದು ಅಂಬಾಸಿಡರ್ ಹೌಸಿಂಗ್ ಹಾಕಿಸಿದೆ. ಮೂವತ್ತು ಕಿಲೋ ಹೆಚ್ಚು ತೂಕದ, ಆದರೆ ಮುರಿಯುವ ಮಾತೇ ಇಲ್ಲದ ವಸ್ತು ಅದು.

ತೂಕ ನೋಡಿದ ಬಗೆಯನ್ನೂ ಹೇಳಬೇಕು. ಅಡಿಕೆ ಮಂಡಿಯಿಂದ ನಾಲ್ಕು ಎಲೆಕ್ಟ್ರಾನಿಕ್ ತಕ್ಕಡಿಗಳನ್ನು ಎರವಲು ತಂದು, ಅಡಿಕೆ ಒಣಗಿಸುವ ಅಂಗಳದ ಸಿಮೆಂಟ್ ನೆಲದಲ್ಲಿ ನೀರುಮಟ್ಟ ಹಿಡಿದು ಸಮವಾಗಿ ಇಟ್ಟು, ಒಂದೊಂದು ಚಕ್ರವನ್ನು ಒಂದೊಂದರ ಮೇಲೆ ನಿಲ್ಲಿಸಿದೆವು. ಜಿಪ್ಸಿ ಇದ್ದಾಗ ಮುಂದೆ 267, ಹಿಂದೆ 273 ಕಿಲೋ ಬಂದಿತ್ತು. ಇನೋವಾ ಹಾಕಿ ಓಮ್ನಿ ಹೌಸಿಂಗ್ ಇದ್ದಾಗ ಮುಂದೆ 331, ಹಿಂದೆ 283. ಮೂಗಿನ ಭಾರಕ್ಕೆ ಕಾರು ತಿರುವಿನಲ್ಲಿ ಸ್ಟಿಯರಿಂಗ್ ಮಾತು ಕೇಳದೆ ನೆಟ್ಟಗೆ ಹೋಗುತ್ತಿತ್ತು. ಆಗ ನಾನು ಮಾಡಿದ ದೊಡ್ಡ ಕೆಲಸವೆಂದರೆ ಕಾಲಿನ ಮುಂದಿನ ತಗಡುಗೋಡೆಯನ್ನು ಕತ್ತರಿಸಿ ಎಂಜಿನ್ನನ್ನು 110 ಮಿಲಿಮೀಟರ್ ಹಿಂದಕ್ಕೆ ಸರಿಸಿದ್ದು. ಒಂದು ತಿಂಗಳ ಬೆಸುಗೆ ಕೆಲಸ. ಪಕ್ಕದ ಆಸನದಲ್ಲಿ ಕೂರುವವರು ಕಾಲು ಮಡಚಿಕೊಳ್ಳಬೇಕಾಯಿತು. ಮತ್ತೆ ತಕ್ಕಡಿಗೆ ಹತ್ತಿಸಿದರೆ ಮುಂಭಾಗದಲ್ಲಿ ಕಡಿಮೆಯಾದದ್ದು ಕೇವಲ ಒಂಬತ್ತು ಕಿಲೋ. ಅದೇ ವಾರ, 14 ಕಿಲೋ ತೂಕದ ಬ್ಯಾಟರಿಯನ್ನು ಬಾನೆಟ್ ಅಡಿಯಿಂದ ತೆಗೆದು ಹಿಂದಿನ ಹೌಸಿಂಗಿನ ಆಚೆಗೆ ಇಟ್ಟಾಗ ಹದಿಮೂರು ಕಿಲೋ ಕಡಿಮೆಯಾಯಿತು. ಅದಕ್ಕೆ ಹಿಡಿದದ್ದು ಒಂದು ಸಂಜೆ ಮತ್ತು ಎರಡು ಮೀಟರ್ ದಪ್ಪ ಕೇಬಲ್. ಗೋಡೆಗೆ ಗರಗಸ ಹಾಕುವ ಮುನ್ನ ಬ್ಯಾಟರಿ ಸರಿಸಿ ನೋಡುವ ಬುದ್ಧಿ ನನಗೆ ಬರಬೇಕಿತ್ತು.

ಎಲ್ಲ ಮುಗಿದ ಮೇಲೆ ಲೆಕ್ಕ ಹೀಗೆ ನಿಂತಿತು: ಒಟ್ಟು 644 ಕಿಲೋ, ಮುಂದೆ 309, ಹಿಂದೆ 335, ಟನ್ನಿಗೆ 211 ಅಶ್ವಶಕ್ತಿ. ಹಂಚಿಕೆಯ ಪ್ರಮಾಣ ಜಿಪ್ಸಿ ಕಾಲಕ್ಕಿಂತ ಉತ್ತಮ. ಆದರೆ ಇದರಲ್ಲಿ ಒಂದು ಮೋಸವಿದೆ. ಹಿಂದೆ ಹೆಚ್ಚಾದ ತೂಕದಲ್ಲಿ ಮೂವತ್ತು ಕಿಲೋ ಸ್ಪ್ರಿಂಗಿನ ಕೆಳಗಿರುವ ಹೌಸಿಂಗಿನದು. ಹಗುರ ಕಾರಿನಡಿಯಲ್ಲಿ ಭಾರದ ಹೌಸಿಂಗ್ ಇದ್ದರೆ ನುರುಜಿನ ಮೇಲೆ ಅದು ತನ್ನ ಪಾಡಿಗೆ ತಾನು ಕುಪ್ಪಳಿಸುತ್ತದೆ, ಚಕ್ರ ನೆಲ ಬಿಡುತ್ತದೆ, ಶಕ್ತಿ ಗಾಳಿಗೆ ಹೋಗುತ್ತದೆ. ತಕ್ಕಡಿ ಇದನ್ನು ತೋರಿಸುವುದಿಲ್ಲ.

ದೊಡ್ಡ ಎಂಜಿನ್ ಎಂದರೆ ಭಾರದ ಎಂಜಿನ್ ಎಂದೇ ಆಗಬೇಕಿಲ್ಲ ಎಂಬುದನ್ನೂ ಇಲ್ಲಿ ನೆನೆಯಬೇಕು. 1973ರಲ್ಲಿ ಬಂದ ಎಂಜಿಬಿ ಜಿಟಿ ವಿ8 ಎಂಬ ಇಂಗ್ಲೆಂಡಿನ ಕಾರಿನ, ಎಂಟು ಸಿಲಿಂಡರುಗಳ, ಮೂರೂವರೆ ಲೀಟರಿನ ರೋವರ್ ಎಂಜಿನ್ ಅಲ್ಯೂಮಿನಿಯಂನದ್ದಾಗಿದ್ದರಿಂದ, ಅದೇ ಕಾರಿನ 1.8 ಲೀಟರಿನ ಕಬ್ಬಿಣದ ಎಂಜಿನ್ನಿಗಿಂತ ಭಾರವಾಗಿರಲಿಲ್ಲ. ಆ ಕಬ್ಬಿಣದ ಎಂಜಿನ್ ನಮ್ಮ ಹಳೆಯ ಅಂಬಾಸಿಡರಿನ 1489 ಸಿಸಿ ಎಂಜಿನ್ನಿನ ದಾಯಾದಿ. ಇಕ್ಕಟ್ಟಿನ ಮಾತು ಬೇರೆ: 1964ರ ಸನ್‌ಬೀಮ್ ಟೈಗರ್ ಎಂಬ ಇನ್ನೊಂದು ಇಂಗ್ಲೆಂಡಿನ ಕಾರಿನಲ್ಲಿ ಫೋರ್ಡಿನ ವಿ8 ಎಷ್ಟು ಬಿಗಿಯಾಗಿ ಕೂತಿತ್ತೆಂದರೆ, ಒಂದು ಸ್ಪಾರ್ಕ್ ಪ್ಲಗ್ ಬಿಚ್ಚುವುದಕ್ಕೆ ಕಾರಿನ ಒಳಗಡೆಯಿಂದ ತಗಡುಗೋಡೆಯಲ್ಲಿ ಕಿಂಡಿ ಇಡಬೇಕಾಯಿತು. ನನ್ನ ಕಾರಿನಲ್ಲಿ ಕ್ಲಚ್ಚಿನ ಕೊನೆಯ ಬೋಲ್ಟಿಗೆ ಅಂಥದ್ದೇ ಒಂದು ಕಿಂಡಿ ಮಾಡಿಕೊಂಡಿದ್ದೇನೆ.

ಈಗ ಸಮಯದ ಲೆಕ್ಕ. ಅಕ್ಕನ ಮಗ ಮೇಲೆ ನಿಂತು ಫೋನಿನಲ್ಲಿ ಹಿಡಿದ, ತಲಾ ಹತ್ತು ಓಟಗಳ ಸರಾಸರಿ. ಒಣ ದಾರಿಯಲ್ಲಿ ಜಿಪ್ಸಿ 87 ಸೆಕೆಂಡು, ಇಸುಝು 90, ಎಲ್ಲ ತಿದ್ದುಪಡಿಗಳ ನಂತರದ ಇನೋವಾ 84. ಮೂರು ವರ್ಷದ ದುಡಿಮೆಗೆ ಮೂರು ಸೆಕೆಂಡು. ಒದ್ದೆ ದಾರಿಯಲ್ಲಿ ಜಿಪ್ಸಿ 96, ಇನೋವಾ 103. ಹಸಿ ಜಂಬಿಟ್ಟಿಗೆಯ ಮೇಲೆ ಇನೋವಾ ಎರಡನೇ ಗೇರಿನಲ್ಲೂ ಹಿಂಚಕ್ರಗಳನ್ನು ಸುಮ್ಮನೆ ಗಿರ್ರನೆ ತಿರುಗಿಸುತ್ತದೆ. ಜಿಪ್ಸಿಯಲ್ಲಿ ಪೆಡಲನ್ನು ಪೂರ್ತಿ ಒತ್ತಿಯೂ ಹೋಗಬಹುದಾದ ಕಡೆ ಇದರಲ್ಲಿ ಮೊಟ್ಟೆ ತುಳಿದಂತೆ ಹೋಗಬೇಕು. ಇಸುಝುವನ್ನು ಒದ್ದೆಯಲ್ಲಿ ಹತ್ತು ಸಲ ಓಡಿಸಲು ಆಗಲೇ ಇಲ್ಲ. ಬ್ರೇಕಿನ ವಿಷಯದಲ್ಲಿ ಮುಂದಿನ ಮಾರುತಿ ಡಿಸ್ಕುಗಳು ಜಿಪ್ಸಿಗೆ ಸಾಕಾಗಿದ್ದವು. ಇನೋವಾಕ್ಕೆ ದೊಡ್ಡವನ್ನು ಹಾಕಿಸಲೇಬೇಕಾಯಿತು.

ಹಾಗಾದರೆ ಇನೋವಾ ವ್ಯರ್ಥವೇ ಎಂದರೆ ನಾನು ಹಾಗೆನ್ನಲಾರೆ. ಮಾಘ ಮಾಸದ ಒಣ ಬೆಳಗಿನಲ್ಲಿ, ಕಾಂಕ್ರೀಟಿನ ಏರು ಎದುರಾದಾಗ, ಎರಡನೇ ಗೇರಿನಲ್ಲಿ ಪೆಡಲ್ ತುಳಿದರೆ ಬೆನ್ನು ಆಸನಕ್ಕೆ ಅಂಟುವ ಆ ಎಳೆತ ಉಳಿದೆರಡರಲ್ಲಿ ಇಲ್ಲ. ಆದರೆ ಹೊಸದಾಗಿ ಕಟ್ಟುವವರು ಕೇಳಿದರೆ ಜಿಪ್ಸಿಯನ್ನೇ ಹಾಕಿ ಎನ್ನುತ್ತೇನೆ. ಹಾಕಿದ ಮೇಲೆ ಶಕ್ತಿ ಸಾಲದೆಂದು ತೋರಿದರೆ ಮೊದಲು ಕಾರಿನಿಂದ ಮೂವತ್ತು ಕಿಲೋ ಇಳಿಸಿ ನೋಡಿ, ಎಂಜಿನ್ ಆಮೇಲೆ. ಇಸುಝು ಮಾತ್ರ ಯಾವ ಕಾರಣಕ್ಕೂ ಬೇಡ.

ಎರಡು ಎಂಜಿನ್‌ಗಳಿಗೂ ಹೊಂದುವ ಹಾಗೆ ಮೌಂಟಿಂಗ್‌ಗಳನ್ನು ಬೋಲ್ಟಿನಲ್ಲಿ ಕೂರುವಂತೆ ಮಾಡಿಸಿಟ್ಟಿದ್ದೇನೆ. ಅದಲುಬದಲು ಮಾಡಲು ಎರಡು ದಿನ ಸಾಕು. ಸದ್ಯ ಇನೋವಾ ಕಾರಿನಲ್ಲಿದೆ, ಜಿಪ್ಸಿ ಅಡಿಕೆ ಚೀಲಗಳ ಪಕ್ಕ ತಾರ್ಪಾಲು ಹೊದ್ದು ಕೂತಿದೆ. ಮೇ ತಿಂಗಳ ಕೊನೆಯಲ್ಲಿ ಮೊದಲ ಮಳೆ ಬಿದ್ದ ಮರುದಿನ ಚೈನ್ ಬ್ಲಾಕನ್ನು ತೊಲೆಗೆ ಏರಿಸುವುದೆಂದು ಅಕ್ಕನ ಮಗನಿಗೆ ಹೇಳಿಟ್ಟಿದ್ದೇನೆ.