ಪ್ರೇರಿಯ ವಸಂತ, ಕೋಳಿಮರಿಯ ಕಾವು: ಹೀಟ್ ಪ್ಲೇಟ್ ಕೊಳ್ಳಬಹುದೇ?

ಮರಿ ಇಡುವ ಕೋಣೆಯ ಉಷ್ಣತೆ ನಡುರಾತ್ರಿಯಲ್ಲೂ 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿಯದಿದ್ದರೆ ಹೀಟ್ ಪ್ಲೇಟ್, ಅಂದರೆ ಮರಿಗಳು ಅಡಿಯಲ್ಲಿ ನಿಂತು ಬೆನ್ನು ಕಾಯಿಸಿಕೊಳ್ಳುವ ಕರೆಂಟಿನ ಹಲಗೆ, ಕೊಳ್ಳಿ. ಮರಿ ಕಾಯಿಸಲು ತೂಗುಹಾಕುವ 250 ವ್ಯಾಟಿನ ಕೆಂಪು ಬಲ್ಬಿನ ಸಹವಾಸ ಬಿಡಿ. ಇಳಿಯುವುದಾದರೆ ಪ್ಲೇಟಿಗೆ ಹಾಕಿದ ದುಡ್ಡು ದಂಡ. ಕೆನಡಾದ ಪ್ರೇರಿ ಬಯಲಿನ ಸಸ್ಕಾಚೆವಾನ್, ಆಲ್ಬರ್ಟಾ, ಮ್ಯಾನಿಟೋಬಾ ಪ್ರಾಂತ್ಯಗಳ ಫಾರ್ಮ್ ಮನೆಗಳ ಮಟ್ಟಿಗೆ ತೀರ್ಪು ಇಷ್ಟೇ. ಆದರೆ ಈ ಸಾಮಾನು ಎಲ್ಲಿ ಕೈಹಿಡಿಯುತ್ತದೆ, ಎಲ್ಲಿ ಕೈಕೊಡುತ್ತದೆ ಅನ್ನುವುದು ಡಬ್ಬದ ಮೇಲೆ ಬರೆದಿರುವುದಿಲ್ಲ.

ಮೊದಲು ಕಾಲದ ಲೆಕ್ಕ. ಆ ಕಡೆ ಮರಿ ತರುವುದೂ ಬಿತ್ತನೆಯೂ ಒಟ್ಟಿಗೇ ಬರುತ್ತವೆ. ಮೊಟ್ಟೆಕೋಳಿ ಮೊದಲ ಮೊಟ್ಟೆಯಿಡಲು 18ರಿಂದ 22 ವಾರ ಬೇಕು. ಏಪ್ರಿಲ್ ಕೊನೆಯ ಮರಿ ಸೆಪ್ಟೆಂಬರ್ ಹೊತ್ತಿಗೆ ಮೊಟ್ಟೆಗೆ ಬಂದೀತು. ಜೂನ್ ಕೊನೆಯ ಮರಿಗೆ ಅಷ್ಟರಲ್ಲಿ ಹಗಲು ಕುಗ್ಗಿ, ಮೊಟ್ಟೆ ಮುಂದಿನ ವಸಂತಕ್ಕೆ ಹೋದರೂ ಹೋಯಿತು. ಹಾಗಾಗಿ ಏಪ್ರಿಲ್-ಮೇ ತಿಂಗಳಲ್ಲೇ ಫೀಡ್ ಅಂಗಡಿಗೆ ಹ್ಯಾಚರಿಯ ರಟ್ಟಿನ ಪೆಟ್ಟಿಗೆಗಳು ಬಂದಿಳಿಯುತ್ತವೆ. ಅದೇ ಹೊತ್ತಿಗೆ ಬಟಾಣಿ, ಮಸೂರ, ಗೋಧಿ, ಕನೋಲಾ ಎಂಬ ಎಣ್ಣೆಬೀಜದ ಬಿತ್ತನೆ. ಒಬ್ಬರು ಬಿತ್ತುವ ಯಂತ್ರ ಏರ್ ಸೀಡರ್ ಎಳೆಯುವ ಟ್ರ್ಯಾಕ್ಟರಿನಲ್ಲಿ, ಇನ್ನೊಬ್ಬರು ಬೀಜ-ಗೊಬ್ಬರದ ಟ್ರಕ್ಕಿನಲ್ಲಿ, ಮಕ್ಕಳು ಸ್ಕೂಲ್ ಬಸ್ಸಿನಲ್ಲಿ. ರಾತ್ರಿಯೂಟ ಕೂಡ ಹೊಲದ ಬದಿಗೇ ಹೋಗುತ್ತದೆ. ಮನೆಯಲ್ಲಿ ಗಂಟೆಗಟ್ಟಲೆ ಯಾರೂ ಇರುವುದಿಲ್ಲ. ಹೊರಗೆ ಮೇ ತಿಂಗಳಲ್ಲೂ ರಾತ್ರಿ ಸೊನ್ನೆಗಿಂತ ಕೆಳಗೆ ಹೋಗುವುದುಂಟು.

ಯಾರೂ ಇಲ್ಲದ ಕಟ್ಟಡದಲ್ಲಿ, ಒಣ ಮರದ ಸಿಪ್ಪೆಯ ಮೇಲೆ, ಹಗಲೂ ರಾತ್ರಿ ಉರಿಯುವ 250 ವ್ಯಾಟ್ ಬಲ್ಬ್: ಭಯ ಇರುವುದು ಇಲ್ಲಿ. ಅಗ್ನಿ ಅನಾಹುತ ಆಗುವ ದಾರಿಗಳೂ ಗೊತ್ತಿರುವವೇ. ಕ್ಲಿಪ್ ಸಡಿಲವಾಗಿ ದೀಪ ಕೆಳಗೆ ಬೀಳುತ್ತದೆ. ಕಾದ ಗಾಜಿಗೆ ನೀರು ಸಿಡಿದು ಒಡೆಯುತ್ತದೆ. ಪ್ಲಾಸ್ಟಿಕ್ ಹೋಲ್ಡರ್ ಕಾದು ಮೆತ್ತಗಾಗುತ್ತದೆ. ಹತ್ತಿರದ ಊರಿನ ಸ್ವಯಂಸೇವಕ ಅಗ್ನಿಶಾಮಕ ದಳ ಹೊರಟು ತಲುಪುವಷ್ಟರಲ್ಲಿ ಕೊಟ್ಟಿಗೆಯಲ್ಲಿ ಉಳಿಸಿಕೊಳ್ಳಲು ಏನೂ ಇರುವುದಿಲ್ಲ. ಹೀಟ್ ಪ್ಲೇಟಿಗೆ ಕೊಡುವ ಬೆಲೆ ಮುಖ್ಯವಾಗಿ ಈ ಚಿಂತೆ ಇಳಿಸಿಕೊಳ್ಳುವುದಕ್ಕೆ. ಕರೆಂಟ್ ಉಳಿತಾಯ ಮೇಲುಗಳಿಕೆ.

ಆ ಗಳಿಕೆಯೂ ಸಣ್ಣದೇನಲ್ಲ. 250 ವ್ಯಾಟ್ ಬಲ್ಬ್ ದಿನಕ್ಕೆ 6 ಯೂನಿಟ್ ತಿನ್ನುತ್ತದೆ. ಐದು ವಾರಕ್ಕೆ 210. ಯೂನಿಟ್ಟಿಗೆ 15 ಸೆಂಟ್ ಹಿಡಿದರೆ 31 ಡಾಲರ್ 50 ಸೆಂಟ್. 20 ವ್ಯಾಟಿನ ಸಣ್ಣ ಪ್ಲೇಟಿಗೆ ಅಷ್ಟೇ ಅವಧಿಯಲ್ಲಿ 17 ಯೂನಿಟ್ಟಿಗೂ ಕಡಿಮೆ, ಎರಡೂವರೆ ಡಾಲರ್ ಆಸುಪಾಸು. ಬಲ್ಬು, ಹೋಲ್ಡರು ಎರಡೂ ಸೇರಿದರೂ ಪ್ಲೇಟಿಗಿಂತ ಅಗ್ಗ ಎನ್ನುವುದು ನಿಜ. ಆದರೆ ವರ್ಷಕ್ಕೊಂದು ಸಲ ಮರಿ ತರುವ ಮನೆಯಲ್ಲಿ ಕೆಲವೇ ವಸಂತಗಳಲ್ಲಿ ಆ ವ್ಯತ್ಯಾಸ ತೀರುತ್ತದೆ.

ಕೆಲಸ ಮಾಡುವ ರೀತಿಯೇ ಬೇರೆ. ಬಲ್ಬು ಕೆಳಗಿನ ನೆಲ, ಗಾಳಿ, ಮರಿ ಎಲ್ಲವನ್ನೂ ಕಾಯಿಸುತ್ತದೆ. ಪ್ಲೇಟು ಗಾಳಿಯನ್ನು ಹೆಚ್ಚೇನೂ ಕಾಯಿಸದು. ಕಾಲುಗಳ ಮೇಲೆ ನಿಂತ ಚಪ್ಪಟೆ ಹಲಗೆ, ತಳ ಬಿಸಿ. ಮರಿ ಅದರಡಿ ನುಸುಳಿ ಬೆನ್ನನ್ನು ಒತ್ತಿ ನಿಲ್ಲುತ್ತದೆ, ಹೇಂಟೆಯ ಹೊಟ್ಟೆಯಡಿ ನಿಂತ ಹಾಗೆ. ಆದ್ದರಿಂದ ಮರಿ ಬೆಳೆಸುವ ಬೆಚ್ಚಗಿನ ಆವರಣದಲ್ಲಿ, ಅಂದರೆ ಬ್ರೂಡರಿನಲ್ಲಿ, ಥರ್ಮಾಮೀಟರ್ ಇಟ್ಟು 'ಮೊದಲ ವಾರ 35 ಡಿಗ್ರಿ, ಆಮೇಲೆ ವಾರಕ್ಕೆ 3 ಡಿಗ್ರಿ ಇಳಿಸು' ಎಂಬ ಬಲ್ಬಿನ ಸೂತ್ರವನ್ನು ಇಲ್ಲಿ ಹಿಡಿದು ಕೂತರೆ ತಲೆ ಕೆಡುತ್ತದೆ. ಪ್ಲೇಟಿನ ಪಕ್ಕದಲ್ಲಿ 20 ಡಿಗ್ರಿ ತೋರಿಸಿದರೂ ಮರಿಗಳು ಸುಖವಾಗಿರಬಹುದು. ಓಡಾಡಿ, ತಿಂದು, ಚಳಿಯಾದಾಗ ಒಳಗೆ ಹೋಗುತ್ತವೆ.

10 ಡಿಗ್ರಿಯ ಮಿತಿ ಬರುವುದೂ ಇದೇ ಕಾರಣಕ್ಕೆ. ಮನೆಬಳಕೆಯ ಪ್ಲೇಟುಗಳಲ್ಲಿ ಹೆಚ್ಚಿನವಕ್ಕೆ ಥರ್ಮೋಸ್ಟಾಟ್ ಇಲ್ಲ. ಕೋಣೆ ತಣ್ಣಗಾದಷ್ಟೂ ತಳದ ಬಿಸಿಯೂ ಇಳಿಯುತ್ತದೆ. ಜೊತೆಗೆ ತಿನ್ನಲು ಹೊರಬಂದ ಎಳೆ ಮರಿ ಬೇಗ ತಣ್ಣಗಾಗಿ, ತಿನ್ನುವುದನ್ನೇ ಬಿಟ್ಟು ಒಳಗೇ ಕೂರುತ್ತದೆ. ಈ ಜಾತಿಯಲ್ಲಿ ಹೆಚ್ಚು ಹೆಸರು ಕೇಳಿಬರುವ ಬ್ರಿನ್ಸಿ ಕಂಪನಿಯ ಇಕೋಗ್ಲೋ ಕೂಡ ಇದಕ್ಕೆ ಹೊರತಲ್ಲ. ಕೋಣೆ 10 ಡಿಗ್ರಿಗಿಂತ ಮೇಲಿರಬೇಕೆಂದು ಕಂಪನಿಯೇ ಹೇಳುತ್ತದೆ. ಅದರ 600 ಮಾದರಿ 20 ಮರಿಗಳವರೆಗೆ, 1200 ಮಾದರಿ 35 ಮರಿಗಳವರೆಗೆ. ಎರಡೂ ಟ್ರಾನ್ಸ್‌ಫಾರ್ಮರ್ ಮೂಲಕ 12 ವೋಲ್ಟಿನಲ್ಲಿ ಓಡುತ್ತವೆ, ತೇವದ ಹಾಸಿನ ಮೇಲೆ ಅದು ಒಳ್ಳೆಯದೇ. ನೇರವಾಗಿ 120 ವೋಲ್ಟಿಗೆ ಸಿಕ್ಕಿಸುವ, ನಾಲ್ಕು ಕಾಲಿನ ಅಗ್ಗದ ಪ್ಲೇಟುಗಳು ಆನ್‌ಲೈನಿನಲ್ಲಿ ಬೇಕಾದಷ್ಟಿವೆ. ಕೊಳ್ಳುವ ಮೊದಲು ಹಿಂಬದಿಯಲ್ಲಿ ಸಿಎಸ್‌ಎ ಅಥವಾ ಸಿಯುಎಲ್‌ನಂಥ ಸುರಕ್ಷತಾ ಸಂಸ್ಥೆಯ ಗುರುತು ಇದೆಯೇ ನೋಡಿ. ಗುರುತಿಲ್ಲದ ಮಾಲನ್ನು ಕೆನಡಾದಲ್ಲಿ ಮಾರುವುದೇ ನಿಯಮಕ್ಕೆ ಹೊರಗು. ಬೆಂಕಿ ಬಿದ್ದರೆ ವಿಮೆಯವರು ಮೊದಲು ಕೇಳುವ ಪ್ರಶ್ನೆಯೂ ಅದೇ ಆಗಬಹುದು.

ಡಬ್ಬದ ಮೇಲಿನ ಮರಿಗಳ ಲೆಕ್ಕ ಮೊದಲ ವಾರದ್ದು ಎಂದು ತಿಳಿಯಿರಿ. ಮೂರನೇ ವಾರಕ್ಕೆ ಅದೇ ಪ್ಲೇಟಿನಡಿ ಅಷ್ಟು ಮರಿ ಹಿಡಿಯುವುದಿಲ್ಲ. 25 ಮರಿ ತರುವವರು 35ರ ಅಳತೆಯದನ್ನೇ ಕೊಳ್ಳಬೇಕು. ಮಾಂಸದ ಕಾರ್ನಿಶ್ ಕ್ರಾಸ್ ಮರಿಗಳಿಗಂತೂ ಇನ್ನೂ ಒಂದು ಅಳತೆ ಮೇಲಕ್ಕೆ ಹೋಗಿ. ಎರಡು ವಾರಕ್ಕೇ ಅವುಗಳ ಗಾತ್ರ ನೋಡಿದರೆ ಬೇರೆ ಜಾತಿಯ ಹಕ್ಕಿಯೇನೋ ಅನ್ನಿಸುತ್ತದೆ. ನೂರು ಮಾಂಸದ ಮರಿ ಸಾಕುವ ಮನೆಗೆ ಈ ಸಾಮಾನು ಸರಿಹೋಗದು. ಎರಡು ಮೂರು ಪ್ಲೇಟಿನ ದುಡ್ಡಿಗೆ ಥರ್ಮೋಸ್ಟಾಟ್ ಇರುವ ಗ್ಯಾಸ್ ಬ್ರೂಡರ್ ವಿಚಾರಿಸುವುದು ಜಾಣತನ.

ಹೂಡುವ ಕ್ರಮಕ್ಕೆ ಬರೋಣ, ಏಕೆಂದರೆ 'ಪ್ಲೇಟು ಬಿಸಿಯೇ ಆಗುವುದಿಲ್ಲ' ಎಂಬ ದೂರುಗಳಲ್ಲಿ ಬಹುಪಾಲು ಎತ್ತರದ ತಪ್ಪು. ಮರಿ ಬರುವ ಹಿಂದಿನ ದಿನವೇ ಸ್ವಿಚ್ ಹಾಕಿಡಿ. ಕೈಯಿಟ್ಟು ನೋಡಿ 'ಇಷ್ಟೇನಾ' ಎಂದುಕೊಳ್ಳಬೇಡಿ, ತಳ ಸುಡುವಷ್ಟು ಬಿಸಿ ಇರಬೇಕಾದ್ದಿಲ್ಲ. ಹಿಂದಿನ ಅಂಚು ಹಾಸಿನಿಂದ ಸುಮಾರು 7 ಸೆಂಟಿಮೀಟರ್, ಮುಂದಿನದು 10 ಸೆಂಟಿಮೀಟರ್ ಆಗುವಂತೆ ಓರೆಯಾಗಿ ನಿಲ್ಲಿಸಿ. ಗಿಡ್ಡ ಮರಿ ಹಿಂದಕ್ಕೆ ಹೋಗುತ್ತದೆ, ಎತ್ತರದ್ದು ಮುಂದೆ ನಿಲ್ಲುತ್ತದೆ, ಎರಡರ ಬೆನ್ನಿಗೂ ತಳ ತಾಗುತ್ತದೆ. ಅಳತೆ ಹಾಸಿನ ಮೇಲಿಂದ ಇರಲಿ. ಬೋಳು ನೆಲದ ಮೇಲೆ ಅಳೆದು ಆಮೇಲೆ ಸಿಪ್ಪೆ ಸುರಿದರೆ ಮರಿ ನುಸುಳಲು ಜಾಗವೇ ಉಳಿಯದು. ವಾರಕ್ಕೊಮ್ಮೆ, ಮಾಂಸದ ಮರಿಗಾದರೆ ಮೂರು ನಾಲ್ಕು ದಿನಕ್ಕೊಮ್ಮೆ, ಕಾಲುಗಳನ್ನು ಒಂದೊಂದು ಮೆಟ್ಟಿಲು ಏರಿಸಿ. ನಾಲ್ಕೂ ಕಾಲು ಕಟಕ್ ಎಂದು ಕೂತಿವೆಯೇ ನೋಡಿಕೊಳ್ಳಿ. ಒಂದು ಕಾಲು ಅರ್ಧಕ್ಕೆ ಸಿಕ್ಕಿದ್ದರೆ ರಾತ್ರಿ ಹಲಗೆ ಕುಸಿದು ಅಡಿಯಲ್ಲಿರುವ ಮರಿ ಸಾಯುತ್ತದೆ. ಈ ಕಾಲಿನ ಪ್ಲಾಸ್ಟಿಕ್ ಕೊಕ್ಕೆಯೇ ಅಗ್ಗದ ಪ್ಲೇಟುಗಳ ದೊಡ್ಡ ದೌರ್ಬಲ್ಯ.

ಹೊಸ ಮರಿಗೆ ಪ್ಲೇಟು ಏನೆಂದು ಗೊತ್ತಿರುವುದಿಲ್ಲ. ಬಲ್ಬಾದರೆ ಬೆಳಕಿನ ಕಡೆಗೆ ತಾನೇ ಹೋಗುತ್ತದೆ. ಇದು ಕತ್ತಲೆಯ ಗೂಡು. ಪೆಟ್ಟಿಗೆಯಿಂದ ತೆಗೆದ ಒಂದೊಂದರ ಕೊಕ್ಕನ್ನೂ ಉಗುರುಬೆಚ್ಚಗಿನ ನೀರಿಗೆ ಅದ್ದಿ, ಆಮೇಲೆ ಕೈಯಿಂದಲೇ ಪ್ಲೇಟಿನಡಿ ತಳ್ಳಿ. ಹೊರಗೆ ಬಂದೇ ಬರುತ್ತವೆ, ಮತ್ತೆ ತಳ್ಳಿ. 45 ಸೆಂಟಿಮೀಟರ್ ಎತ್ತರದ ರಟ್ಟಿನ ಪಟ್ಟಿಯನ್ನು ದುಂಡಗೆ ನಿಲ್ಲಿಸಿ, ಮೊದಲೆರಡು ದಿನ ಆವರಣವನ್ನು ಚಿಕ್ಕದಾಗಿಯೇ ಇಡಿ. ಮೂಲೆ ಇದ್ದರೆ ಮರಿಗಳು ಅಲ್ಲಿ ಒಂದರ ಮೇಲೊಂದು ಬಿದ್ದು ಉಸಿರುಗಟ್ಟುತ್ತವೆ. ನೀರು, ಕಾಳು ಪ್ಲೇಟಿನ ಬಾಯಿಗೆ ಹತ್ತಿರ ಇರಲಿ, ಅಡಿಯಲ್ಲಿ ಬೇಡ. ಮುಸ್ಸಂಜೆ ಅಲ್ಲೇ ನಿಂತು ಕಿವಿಗೊಟ್ಟರೆ ಎತ್ತರ ಸರಿಯಿದೆಯೋ ಇಲ್ಲವೋ ಗೊತ್ತಾಗುತ್ತದೆ. ಚಳಿಯಾದ ಮರಿಯದು ಜೋರಾದ, ಬಿಡಿಬಿಡಿಯಾದ 'ಚೀಂವ್ ಚೀಂವ್'. ಬೆನ್ನಿಗೆ ಬಿಸಿ ತಾಗಿದೊಡನೆ ಅದು ತೆಳುವಾದ ಗುರುಗುಟ್ಟುವಿಕೆಯಾಗಿ, ನಿಮಿಷದೊಳಗೆ ನಿಂತುಹೋಗುತ್ತದೆ. ಕತ್ತಲಾದ ಅರ್ಧ ಗಂಟೆಯ ಮೇಲೂ ಕೂಗು ಕೇಳುತ್ತಿದ್ದರೆ ಹಲಗೆ ಎತ್ತರವಾಗಿದೆ, ಇಲ್ಲವೇ ಕೋಣೆ ತಣ್ಣಗಿದೆ. ಅಡಿಗೆ ಹೋಗದೆ ಎಲ್ಲವೂ ಬಾಯಿ ತೆರೆದು ದೂರ ಮಲಗಿದ್ದರೆ ಸೆಕೆ.

ರಾತ್ರಿ ಕತ್ತಲೆ ಸಿಗುವುದು ಪ್ಲೇಟಿನ ಇನ್ನೊಂದು ಲಾಭ. ಕೆಂಪು ಬಲ್ಬಿನಡಿ ಹಗಲು-ರಾತ್ರಿಯ ಭೇದವಿಲ್ಲದೆ ಬೆಳೆದ ಮರಿಗಳಿಗಿಂತ ಇವು ನೆಮ್ಮದಿಯಾಗಿ ನಿದ್ದೆ ಮಾಡುತ್ತವೆ. ಸಸ್ಕಾಟೂನಿನಲ್ಲಿ ಮೇ ನಡುವಿಗೆ ಹಗಲೇ ಹದಿನಾರು ಗಂಟೆಯ ಹತ್ತಿರ ಬರುತ್ತದೆ. ತಿನ್ನಲು ಅಷ್ಟು ಬೆಳಕು ಧಾರಾಳ. ಕಿಟಕಿಯಿಲ್ಲದ ಬೇಸ್‌ಮೆಂಟಿನಲ್ಲಾದರೆ ಹಗಲಿಗೆ ಒಂದು ಸಾದಾ ಎಲ್‌ಇಡಿ ದೀಪ ಬೇಕು.

ಈಗ ದೋಷಗಳು. ಎರಡನೇ ವಾರಕ್ಕೆ ಮರಿಗಳು ಪ್ಲೇಟಿನ ನೆತ್ತಿ ಏರಿ ಕೂರುತ್ತವೆ, ಹಿಕ್ಕೆ ಹಾಕುತ್ತವೆ, ಅದು ಬಿಸಿಗೆ ಒಣಗಿ ಗಟ್ಟಿಯಾಗುತ್ತದೆ. ಮರಿ ಮೇಲೆ ಕೂರದಂತೆ ಮುಚ್ಚುವ ಪ್ಲಾಸ್ಟಿಕ್ ಗುಮ್ಮಟವನ್ನು ಕಂಪನಿಗಳು ಬೇರೆಯಾಗಿ ಮಾರುತ್ತವೆ. ಪ್ಲೇಟಿನ ಜೊತೆಗೇ ಕೊಡಬೇಕಾಗಿದ್ದ ಸಾಮಾನು ಅದು. ಮೇಲ್ಮೈಗೆ ಅಡುಗೆಮನೆಯ ತೆಳು ಪ್ಲಾಸ್ಟಿಕ್ ಹಾಳೆ ಹೊದಿಸಿ ದಿನಕ್ಕೊಮ್ಮೆ ಬದಲಿಸಿದರೂ ನಡೆಯುತ್ತದೆ, ಆದರೆ ಬದಿಗಳಲ್ಲಿ ಜೋತು ಬಿಡಬೇಡಿ, ಕುಕ್ಕಿ ನುಂಗುತ್ತವೆ. ತೊಳೆಯುವಾಗ ಪ್ಲಗ್ ಕಿತ್ತು, ಆರಿದ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ. ನೀರಿಗೆ ಮುಳುಗಿಸಿದರೆ ಪ್ಲೇಟಿನ ಕಥೆ ಮುಗಿಯಿತು.

ಇದಕ್ಕಿಂತ ದೊಡ್ಡ ಕೊರತೆ, ಒಳಗೆ ಏನಾಗುತ್ತಿದೆ ಎಂದು ಕಾಣಿಸದಿರುವುದು. ಬಲ್ಬಿನಡಿಯ ಮರಿಗಳನ್ನು ಬಾಗಿಲಲ್ಲೇ ನಿಂತು ಎಣಿಸಬಹುದು. ಇಲ್ಲಿ ಸೊರಗಿದ ಮರಿ ಕತ್ತಲೆಯಲ್ಲಿ ಕೂತೇ ಇರುತ್ತದೆ. ಹಾಗಾಗಿ ಬೆಳಿಗ್ಗೆ ಬಸ್ಸಿಗೆ ಮೊದಲು ಒಮ್ಮೆ, ಸಂಜೆ ಬಂದ ಮೇಲೆ ಒಮ್ಮೆ ಮಕ್ಕಳಲ್ಲಿ ಯಾರಾದರೂ ಹಲಗೆ ಎತ್ತಿ ಎಣಿಸಬೇಕು. ಹಿಂಬದಿಗೆ ಹಿಕ್ಕೆ ಮೆತ್ತಿ ಗಟ್ಟಿಯಾಗಿರುವ ಮರಿ ಸಿಕ್ಕರೆ ಬೆಚ್ಚಗಿನ ನೀರಲ್ಲಿ ನೆನೆಸಿ ಬಿಡಿಸಿ, ಒಣಗಿಸಿಯೇ ಒಳಗೆ ಬಿಡಬೇಕು. ಎಳೆದು ಕಿತ್ತರೆ ಚರ್ಮ ಬರುತ್ತದೆ. ಸ್ವಲ್ಪ ಮುಂದಕ್ಕೆ, ಹೊಟ್ಟೆಯ ಮೇಲಿರುವ ಹೊಕ್ಕುಳ ಹಕ್ಕಳೆಯನ್ನು ಹಿಕ್ಕೆಯೆಂದು ತಿಳಿದು ಮುಟ್ಟಬಾರದು. ಮುಟ್ಟಿದ ಕೈ ಸೋಪಿನಲ್ಲಿ ತೊಳೆಯಲೇಬೇಕು, ಸಾಲ್ಮೊನೆಲ್ಲಾ ಆರೋಗ್ಯವಂತ ಮರಿಯಲ್ಲೂ ಇರುತ್ತದೆ. ಐದು ವರ್ಷದೊಳಗಿನ ಮಕ್ಕಳ ಕೈಗೆ ಮರಿ ಕೊಡದಿರುವುದೇ ಕ್ಷೇಮ.

ನೆಲಕ್ಕೆ ಹಾಸಲು ಪೈನ್ ಮರ ಹೆರೆದ ಸಿಪ್ಪೆ ಬಳಸಿ. ಸೀಡರ್ ಬೇಡ, ಅದರ ಘಾಟು ಮರಿಯ ಉಸಿರಿಗೆ ಆಗದು. ದಿನಪತ್ರಿಕೆಯೂ ಬೇಡ, ಜಾರಿ ಜಾರಿ ಕಾಲು ಅಗಲಿದ ಮರಿ ಮತ್ತೆ ನೆಟ್ಟಗೆ ನಿಲ್ಲುವುದು ಕಷ್ಟ. ಕಾಳು 18ರಿಂದ 20 ಪರ್ಸೆಂಟ್ ಪ್ರೋಟೀನಿನ, ಎಳೆ ಮರಿಗಳ ಸ್ಟಾರ್ಟರ್ ಫೀಡ್. ದೊಡ್ಡ ಕೋಳಿಗಳ ಲೇಯರ್ ಫೀಡ್ ಮನೆಯಲ್ಲಿದೆಯೆಂದು ಅದನ್ನೇ ಹಾಕಿದರೆ ಅದರ ಸುಣ್ಣಕ್ಕೆ ಮರಿಯ ಮೂತ್ರಪಿಂಡ ಕೆಡುತ್ತದೆ.

ಪ್ಲೇಟು ಇಡುವ ಜಾಗದ ಬಗ್ಗೆ ಒಂದು ಮಾತು, ಇದು ಮನೆಮಂದಿಯ ಶಾಂತಿಯ ಪ್ರಶ್ನೆ. 10 ಡಿಗ್ರಿಯ ಮಿತಿಯಿಂದಾಗಿ ಕೊಟ್ಟಿಗೆ ಬಿಟ್ಟು ಮನೆಯೊಳಗೇ ತಂದರೆ, ಮರಿಯ ಗರಿ ಮೂಡುವಾಗ ಉದುರುವ ಬಿಳಿ ಧೂಳು ಬೇಸ್‌ಮೆಂಟಿನ ಪ್ರತಿಯೊಂದು ವಸ್ತುವಿನ ಮೇಲೂ ಕೂರುತ್ತದೆ. ಮನೆ ಬೆಚ್ಚಗಿಡುವ ಫರ್ನೇಸಿನ ಫಿಲ್ಟರ್ ಎಂದಿಗಿಂತ ಬೇಗ ಕಟ್ಟಿಕೊಳ್ಳುತ್ತದೆ. ಕಿಟಕಿ ಪಕ್ಕದ ಟೊಮೇಟೊ ಸಸಿಗಳನ್ನೂ ಬಿಡದು. ಮೊದಲೆರಡು ವಾರ ಬೇಸ್‌ಮೆಂಟು, ಆಮೇಲೆ ಹೀಟರ್ ಇರುವ ವರ್ಕ್‌ಶಾಪ್ ಅಥವಾ ಗರಾಜು, ಇದು ಸರಿಯಾದ ಹಂಚಿಕೆ. ತಗಡಿನ ಕ್ವಾನ್ಸೆಟ್ ಶೆಡ್ಡೇ ಗತಿಯಾದರೆ ಪ್ಲೈವುಡ್ಡಿನ ಮುಚ್ಚಳವಿರುವ ಪೆಟ್ಟಿಗೆ ಮಾಡಿ, ಗಾಳಿಗೆ ಮೇಲಂಚಿನಲ್ಲಿ ಕಂಡಿ ಬಿಟ್ಟು, ಫೋಮ್ ಹಲಗೆಯನ್ನು ಹೊರಮೈಗೆ ಹೊಡೆಯಿರಿ. ಒಳಮೈಗೆ ಹೊಡೆದರೆ ಮರಿಗಳು ಫೋಮನ್ನೇ ತಿನ್ನುತ್ತವೆ. ಹಾಗೆ ಮಾಡಿಯೂ ಬೆಳಗಿನ ಜಾವ ಪೆಟ್ಟಿಗೆಯೊಳಗೆ 10 ಡಿಗ್ರಿ ನಿಲ್ಲದಿದ್ದರೆ ಬಲ್ಬೇ ಗತಿ. ಆಗ ಪಿಂಗಾಣಿ ಹೋಲ್ಡರ್, ತಂತಿಯ ಪಂಜರ, ಕ್ಲಿಪ್ಪಿನ ಬದಲು ಸರಪಳಿ, ಅದು ಕಳಚಿದರೆ ಹಿಡಿಯಲು ಬೇರೆ ಕೊಕ್ಕೆಗೆ ಕಟ್ಟಿದ ಇನ್ನೊಂದು ತಂತಿ, ಹಾಸಿನಿಂದ 45 ಸೆಂಟಿಮೀಟರಿಗೆ ಕಡಿಮೆಯಿಲ್ಲದ ಎತ್ತರ: ಇವುಗಳಲ್ಲಿ ಒಂದನ್ನೂ ಬಿಡುವಂತಿಲ್ಲ.

ಕರ್ನಾಟಕದಲ್ಲಿ 60 ವ್ಯಾಟಿನ ಎರಡು ಬಲ್ಬು, ಭತ್ತದ ಹೊಟ್ಟು, ಸುತ್ತ ತಗಡಿನ ತಡೆ ಇಟ್ಟು ಮರಿ ಬೆಳೆಸುವವರಿಗೆ ಈ ಪ್ಲೇಟು ಶೋಕಿ ಅನ್ನಿಸಬಹುದು. ಬಯಲುಸೀಮೆಯ ಬೇಸಗೆಯಲ್ಲಿ ಅದು ಶೋಕಿಯೇ. ಅಲ್ಲಿನ ಪದ್ಧತಿಯನ್ನು ಪ್ರೇರಿಗೆ ಹಾಗೇ ಒಯ್ದರೆ ಮಾತ್ರ ಮೊದಲ ರಾತ್ರಿಯೇ ಮರಿಗಳು ಕೈತಪ್ಪುತ್ತವೆ.

ಕರೆಂಟ್ ಹೋದರೆ? ವಸಂತದ ಒದ್ದೆ ಹಿಮ ತಂತಿಗಳ ಮೇಲೆ ಕೂತಾಗ ಹೋಗುವುದುಂಟು. ಪ್ಲೇಟಿನ ಬಿಸಿ ಬೇಗ ಆರುತ್ತದೆ. ಎರಡು ಗಾಜಿನ ಜಾಡಿಗಳಲ್ಲಿ ಬಿಸಿನೀರು ತುಂಬಿ, ಉಣ್ಣೆಯ ಕಾಲುಚೀಲ ತೊಡಿಸಿ ಪ್ಲೇಟಿನ ಎರಡು ಬದಿಗೆ ಇಡಿ, ಮೇಲಿಂದ ಕಂಬಳಿ ಹೊದಿಸಿ, ಗಾಳಿಯಾಡಲು ಒಂದು ಬದಿ ತೆರೆದಿಡಿ. ನೀರು ತಣ್ಣಗಾದಂತೆ ಬದಲಿಸಿ. ಕರೆಂಟ್ ಬಂದ ಕೂಡಲೇ ಕಂಬಳಿ ತೆಗೆಯಬೇಕು, ಬಿಸಿಯಾದ ಪ್ಲೇಟಿನ ಮೇಲೆ ಅಂಥ ದಪ್ಪ ಹೊದಿಕೆ ಇಡಬಾರದು.

ಐದಾರು ವಾರಕ್ಕೆ ಮೈತುಂಬ ಗರಿ ಬಂದು, ರಾತ್ರಿಯೂ ಮರಿಗಳು ಅಡಿಗೆ ಹೋಗದೆ ಹೊರಗೇ ಮಲಗತೊಡಗಿದರೆ ಪ್ಲೇಟಿನ ಕೆಲಸ ಮುಗಿಯಿತು. ಆದರೂ ತೆಗೆಯುವ ಮುನ್ನ ಮೂರು ರಾತ್ರಿ ಆರಿಸಿ ಅಲ್ಲೇ ಬಿಟ್ಟು ನೋಡಿ. ಆಮೇಲೆ ಒರೆಸಿ, ವಯರನ್ನು ಸಡಿಲವಾಗಿ ಸುತ್ತಿ, ಮುಚ್ಚಳ ಬಿಗಿಯಾದ ಪ್ಲಾಸ್ಟಿಕ್ ಡಬ್ಬಿಯಲ್ಲಿಡಿ. ಶೆಡ್ಡಿನ ಗೂಟಕ್ಕೆ ನೇತುಹಾಕಿದರೆ ಚಳಿಗಾಲದಲ್ಲಿ ಇಲಿ ವಯರ್ ಕಡಿಯುತ್ತದೆ, ಮತ್ತು ಅದು ಗೊತ್ತಾಗುವುದು ಮುಂದಿನ ಏಪ್ರಿಲ್‌ನಲ್ಲಿ, ಮರಿಯ ಪೆಟ್ಟಿಗೆ ಟ್ರಕ್ಕಿನ ಸೀಟಿನ ಮೇಲಿರುವಾಗ.