ಹುಲ್ಲುಗಾವಲಿನ ಲೆಕ್ಕ ಕೊಡುವ ಉಚಿತ ಸೇವೆ: ರೇಂಜ್‌ಲ್ಯಾಂಡ್ ಅನಾಲಿಸಿಸ್ ಪ್ಲಾಟ್‌ಫಾರ್ಮ್

ಹುಲ್ಲು ಮತ್ತೆ ಚಿಗುರುವಷ್ಟು ಉಳಿಸಿ ದನ ಮೇಯಿಸಬೇಕೆಂಬ ಬುದ್ಧಿಮಾತು ಅಮೆರಿಕದ ಪಶ್ಚಿಮ ರಾಜ್ಯಗಳ ಪಶುಪಾಲಕರಿಗೆ ಹೊಸದಲ್ಲ. ಆದರೆ ತನ್ನದೇ ನೆಲ ದಶಕಗಳಿಂದ ಹೇಗೆ ಬದಲಾಗುತ್ತ ಬಂದಿದೆ ಎಂಬುದನ್ನು ಕಾಣದೆ, ಬೇರೆಯವರ ಮಾತಿನ ಮೇಲೆ ಹಿಂಡನ್ನು ಕಡಿಮೆ ಮಾಡಲು ಯಾವ ಪಶುಪಾಲಕನೂ ಸುಲಭವಾಗಿ ಒಪ್ಪಲಾರ. ಮೊಂಟಾನಾ ವಿಶ್ವವಿದ್ಯಾಲಯವು ಅಮೆರಿಕ ಸರ್ಕಾರದ ಕೃಷಿ ಇಲಾಖೆ ಮತ್ತು ಭೂ ನಿರ್ವಹಣಾ ಬ್ಯೂರೋದ ಜೊತೆಗೂಡಿ 2018ರಲ್ಲಿ ಆರಂಭಿಸಿದ ಈ ಜಾಲತಾಣ ಮುಖ್ಯವೆನಿಸುವುದು ಇಲ್ಲಿಯೇ.

ಹಣ ಕಟ್ಟಬೇಕಿಲ್ಲ. ನಕ್ಷೆಯ ಮೇಲೆ ತಮ್ಮ ಹುಲ್ಲುಗಾವಲಿನ ಎಲ್ಲೆಯನ್ನು ಗುರುತಿಸಿದರೆ, 1986ರಿಂದ ಈಚೆಗೆ ವರ್ಷವರ್ಷವೂ ಅಲ್ಲಿ ಬಹುವಾರ್ಷಿಕ ಹುಲ್ಲು, ಏಕವಾರ್ಷಿಕ ಹುಲ್ಲು, ಪೊದೆ, ಮರ, ಬರಿನೆಲ ಶೇಕಡಾ ಎಷ್ಟೆಷ್ಟಿದ್ದವು ಎಂಬುದು ಗೆರೆಗಳಾಗಿ ಮೂಡುತ್ತದೆ. ಲ್ಯಾಂಡ್‌ಸ್ಯಾಟ್ ಉಪಗ್ರಹದ ಚಿತ್ರಗಳನ್ನು ನೆಲದ ಮೇಲೆ ನಡೆಸಿದ ಸಾವಿರಾರು ಅಳತೆಗಳೊಂದಿಗೆ ಹೊಂದಿಸಿ, 30 ಮೀಟರ್ ಚೌಕಗಳಲ್ಲಿ ಈ ಅಂದಾಜು ಮಾಡಲಾಗಿದೆ. ನೆವಾಡಾ, ಐಡಹೊ ಕಡೆಯ ಗಾವಲುಗಳಲ್ಲಿ ಬಹುವಾರ್ಷಿಕದ ಗೆರೆ ಇಳಿದು ಏಕವಾರ್ಷಿಕದ ಗೆರೆ ಏರುತ್ತಿದ್ದರೆ ಅದನ್ನು ಎಚ್ಚರಿಕೆಯೆಂದೇ ತಿಳಿಯಬೇಕು, ಏಕೆಂದರೆ ಬೇಸಿಗೆಯ ಆರಂಭದಲ್ಲೇ ಒಣಗಿ ಕಾಳ್ಗಿಚ್ಚಿಗೆ ಉರುವಲಾಗುವ ಚೀಟ್‌ಗ್ರಾಸ್ ಎಂಬ ಏಕವಾರ್ಷಿಕ ಹುಲ್ಲು ಅಲ್ಲಿ ಹಬ್ಬುತ್ತಿರುವ ಸಾಧ್ಯತೆ ಹೆಚ್ಚು.

ನನಗೆ ಅತ್ಯಂತ ಉಪಯುಕ್ತವೆನಿಸಿದ್ದು 16 ದಿನಗಳಿಗೊಮ್ಮೆ ಎಕರೆಗೆ ಎಷ್ಟು ಪೌಂಡ್ ಹುಲ್ಲು ಬೆಳೆದಿದೆ ಎಂದು ತಿಳಿಸುವ ಭಾಗ. 1,000 ಪೌಂಡ್ ತೂಕದ ಹಸುವಿಗೆ ದಿನಕ್ಕೆ ಸುಮಾರು 26 ಪೌಂಡ್, ಅಂದರೆ ತಿಂಗಳಿಗೆ 780 ಪೌಂಡ್ ಒಣಮೇವು ಬೇಕು. ವರ್ಷಕ್ಕೆ ಎಕರೆಗೆ 1,000 ಪೌಂಡ್ ಬೆಳೆಯುವ ಗಾವಲಿನಲ್ಲಿ ರೂಢಿಯ ಲೆಕ್ಕದಂತೆ ಅರ್ಧದಷ್ಟು ನೆಲದಲ್ಲೇ ಉಳಿಯಬೇಕು, ಕಾಲುಭಾಗ ತುಳಿತಕ್ಕೂ ಕೀಟಗಳಿಗೂ ಹೋಗುತ್ತದೆ, ದನಕ್ಕೆ ದಕ್ಕುವುದು 250 ಪೌಂಡ್ ಮಾತ್ರ. ಹಾಗಾಗಿ ಒಂದು ಹಸುವಿನ ಒಂದು ತಿಂಗಳ ಮೇವಿಗೆ ಮೂರು ಎಕರೆಗಿಂತ ತುಸು ಹೆಚ್ಚೇ ಬೇಕಾಗುತ್ತದೆ. ಈ ಲೆಕ್ಕ ವಸಂತದಲ್ಲೇ ಕೈಗೆ ಸಿಕ್ಕರೆ, ಬರಗಾಲದ ವರ್ಷದಲ್ಲಿ ಬೆಲೆ ಕುಸಿಯುವ ಮೊದಲೇ ಕೆಲವು ದನಗಳನ್ನು ಮಾರಿ ನೆಲವನ್ನೂ ಕಿಸೆಯನ್ನೂ ಉಳಿಸಿಕೊಳ್ಳಬಹುದು.

ಕೊರತೆಗಳೂ ಇವೆ. ಹುಲ್ಲಿನ ಜಾತಿಯನ್ನು ಈ ಸೇವೆ ಹೇಳುವುದಿಲ್ಲ. ದನ ಮೂಸಿಯೂ ನೋಡದ ಕಳೆಗಿಡ ಕೂಡ ಮೇವಿನ ಅಂಕಿಯೊಳಗೆ ಸೇರಿಬಿಡಬಹುದು. ಕಡಿದಾದ ಇಳಿಜಾರಿನ ಹುಲ್ಲನ್ನೂ ನೀರಿನಿಂದ 2 ಮೈಲಿಗಿಂತ ದೂರವಿರುವ ಹುಲ್ಲನ್ನೂ ದನಗಳು ಮುಟ್ಟುವುದು ಕಡಿಮೆಯಾದ್ದರಿಂದ, ಆ ಭಾಗವನ್ನು ಪಶುಪಾಲಕನೇ ಕಳೆದು ಲೆಕ್ಕ ಹಾಕಬೇಕು. ಅಲ್ಲಲ್ಲಿ ಅಳತೆಯ ಬಳೆ ಇಟ್ಟು, ಅದರೊಳಗಿನ ಹುಲ್ಲನ್ನು ಕತ್ತರಿಸಿ, ಒಣಗಿಸಿ ತೂಗಿ ನೋಡುವ ಹಳೆಯ ಕ್ರಮವನ್ನು ಯಾರೂ ಕೈಬಿಡಬಾರದು.

ನಕ್ಷೆ ಅಮೆರಿಕಕ್ಕಷ್ಟೇ ಸೀಮಿತ. ನಮ್ಮ ಅಮೃತಮಹಲ್ ಕಾವಲುಗಳಿಗೂ ಇಂಥದ್ದೊಂದು ಬೇಕೆಂದು ನಾನು ಮನಸಾರೆ ಬಯಸುತ್ತೇನೆ. ಲ್ಯಾಂಡ್‌ಸ್ಯಾಟ್ ಚಿತ್ರಗಳು ಎಲ್ಲರಿಗೂ ಉಚಿತವಾಗಿಯೇ ಸಿಗುತ್ತವೆ. ಕಾವಲುಗಳಲ್ಲಿ ವರ್ಷವರ್ಷವೂ ನಡೆದಾಡಿ ಹುಲ್ಲು ಅಳೆಯುವ ಕೆಲಸಕ್ಕೆ ಮಾತ್ರ ಜನ ಬೇಕು.