ಕನ್ನಡ ಟೈಪಿಂಗ್: ಕೆ.ಪಿ. ರಾವ್ ವಿನ್ಯಾಸವೋ, ಇನ್‌ಸ್ಕ್ರಿಪ್ಟೋ, ಲಿಪ್ಯಂತರವೋ?

ದಿನಕ್ಕೆ ನಾಲ್ಕು ವಾಟ್ಸಾಪ್ ಸಂದೇಶ ಬರೆಯುವವರಿಗೆ ಇಂಗ್ಲಿಷ್ ಅಕ್ಷರದಲ್ಲಿ ಒತ್ತಿ ಕನ್ನಡ ಪಡೆಯುವ ಲಿಪ್ಯಂತರ ಸಾಕು. ಪುಟಗಟ್ಟಲೆ ಬರೆಯುವವರಿಗೆ ಅದು ತಲೆನೋವು: ನ-ಣ, ಲ-ಳ ಯಾವುದೆಂದು ಊಹಿಸುವುದು ಕೀಬೋರ್ಡ್. ಹೆಸರುಗಳಲ್ಲಂತೂ ಎಡವುತ್ತದೆ, ಪ್ರತಿ ಸಲ ಸಲಹೆಪಟ್ಟಿ ನೋಡಲೇಬೇಕು.

ಕೆ.ಪಿ. ರಾವ್ ರೂಪಿಸಿದ ಕನ್ನಡ ಕೀಲಿ ವಿನ್ಯಾಸದಲ್ಲಿ (‘ನುಡಿ’ ತಂತ್ರಾಂಶದಲ್ಲಿರುವುದು ಇದೇ) ಊಹೆಯಿಲ್ಲ. ಕೆ ಒತ್ತಿದರೆ ಕ, ಶಿಫ್ಟ್ ಸೇರಿಸಿದರೆ ಖ. ಒತ್ತಕ್ಷರಕ್ಕೆ ನಡುವೆ ಎಫ್. ‘ಕನ್ನಡ’ಕ್ಕೆ ಕೆ, ಎನ್, ಎಫ್, ಎನ್, ಡಬ್ಲ್ಯು: ಐದೇ ಒತ್ತು. ಡ ಡಬ್ಲ್ಯುನಲ್ಲಿ, ಟ ಕ್ಯೂನಲ್ಲಿ ಇರುವುದಷ್ಟೇ ಮೊದಲು ಕಾಡುತ್ತದೆ.

ಭಾರತೀಯ ಭಾಷೆಗಳಿಗೆಂದು ರೂಪಿಸಿದ ಸಾಮಾನ್ಯ ಕೀಲಿ ವಿನ್ಯಾಸ ಇನ್‌ಸ್ಕ್ರಿಪ್ಟ್‌ನಲ್ಲೂ ‘ಕನ್ನಡ’ಕ್ಕೆ ಐದೇ ಒತ್ತು. ಸ್ವರಗಳು ಎಡಗೈಗೆ, ವ್ಯಂಜನಗಳು ಹೆಚ್ಚಾಗಿ ಬಲಗೈಗೆ. ಇಂಗ್ಲಿಷ್ ಕೀಲಿಯ ನೆನಪು ಇಲ್ಲಿ ಉಪಯೋಗಕ್ಕೆ ಬಾರದು, ಕಲಿಕೆ ನಿಧಾನ. ಆದರೆ ವಿಂಡೋಸ್‌ನಲ್ಲೇ ಇದೆ; ತೆಲುಗು, ಹಿಂದಿಗೂ ಬಹುತೇಕ ಅದೇ ಜಾಗ. ಎರಡು-ಮೂರು ಭಾಷೆಯಲ್ಲಿ ಬರೆಯುವವರು ಇದನ್ನೇ ಹಿಡಿಯಲಿ. ಬರೀ ಕನ್ನಡಕ್ಕೆ ನಮ್ಮ ಮತ ರಾವ್ ವಿನ್ಯಾಸಕ್ಕೆ.

ಒಂದು ಎಚ್ಚರಿಕೆ: ‘ನುಡಿ’ಯಲ್ಲಿ ಯೂನಿಕೋಡ್ (ಎಲ್ಲ ಸಾಧನಗಳೂ ಗುರುತಿಸುವ ಅಕ್ಷರ ಸಂಕೇತ) ಆಯ್ಕೆಯನ್ನೇ ಹಾಕಿಕೊಳ್ಳಿ. ಇಂಗ್ಲಿಷ್ ಸಂಕೇತಗಳಿಗೇ ಕನ್ನಡದ ರೂಪ ಕೊಡುವ ಹಳೆಯ ಆಸ್ಕಿ ಫಾಂಟಿನಲ್ಲಿ ಬರೆದದ್ದನ್ನು ಮೇಲ್‌ಗೆ ಅಂಟಿಸಿದರೆ ಅರ್ಥವಿಲ್ಲದ ಚಿಹ್ನೆಗಳ ಸಾಲು ಕಾಣುತ್ತದೆ; ಗೂಗಲ್ ಹುಡುಕಾಟಕ್ಕೂ ಸಿಗದು. ಅದನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಕ್ಕೆ ಹಾಕಿದರೂ ಅರ್ಕಾವತ್ತು ಇರುವ ಪದಗಳನ್ನು ಮತ್ತೊಮ್ಮೆ ಓದಿ ನೋಡಿ.